ಜಗಳಗಂಟ ಕಡಲ ಮೀನುಗಳನ್ನು ಒಂದೇ ಟ್ಯಾಂಕಿಗೆ ಸೇರಿಸುವುದು ಹೇಗೆ?

ಪಿಕಾಸೊ ಟ್ರಿಗರ್ ಎಂಬ ಮೀನು ಇದ್ದ ಟ್ಯಾಂಕಿಗೆ ನಾನು ಮೊದಲ ಸಲ ಪೌಡರ್ ಬ್ಲೂ ಟ್ಯಾಂಗ್ ಎಂಬ ಇನ್ನೊಂದು ಮೀನು ಬಿಟ್ಟದ್ದು ಒಂದು ಗುರುವಾರ ಸಂಜೆ. "ಎರಡು ದಿನ ಕಚ್ಚಾಡ್ತವೆ, ಆಮೇಲೆ ಹೊಂದ್ಕೊಳ್ತವೆ" ಎಂದು ಅಂಗಡಿಯವರು ಹೇಳಿದ್ದರು. ನಾನೂ ನಂಬಿದೆ. ನೀರು ಹದ ಮಾಡಿ, ಮೀನು ಬಿಟ್ಟು, ಊಟ ಮಾಡಿ ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ಟ್ಯಾಂಗ್ ಒಂದು ಮೂಲೆಯಲ್ಲಿ, ನೀರಿನ ಮೇಲ್ಭಾಗದಲ್ಲಿ ಓರೆಯಾಗಿ ತೇಲುತ್ತಿತ್ತು. ಬಾಲ ಅರ್ಧ ಇರಲಿಲ್ಲ. ಮಧ್ಯಾಹ್ನಕ್ಕೆ ಸತ್ತುಹೋಯಿತು. ಆ ಮೀನಿನ ನೆನಪಾದಾಗಲೆಲ್ಲ ಇವತ್ತಿಗೂ ಹೊಟ್ಟೆ ಚುರುಕ್ ಅನ್ನುತ್ತದೆ.

ತಪ್ಪು ಟ್ರಿಗರ್‌ನದಲ್ಲ. ಹವಳದ ದಿಬ್ಬದಲ್ಲಿ ಒಂದು ಟ್ರಿಗರ್ ಇನ್ನೊಂದು ಮೀನನ್ನು ಅಟ್ಟಿಸಿಕೊಂಡು ಹೋದರೆ ಆ ಮೀನು ಓಡುತ್ತದೆ, ಗಡಿ ದಾಟುತ್ತದೆ, ಜಗಳ ಅಲ್ಲಿಗೆ ಮುಗಿಯುತ್ತದೆ. ಟ್ಯಾಂಕಿನಲ್ಲಿ ಗಡಿ ಅಂದರೆ ಗಾಜು. ಓಡಿದ ಮೀನು ಮರುಕ್ಷಣವೇ ಮತ್ತೆ ಕಣ್ಣೆದುರಿಗೆ ಬಂದು ನಿಲ್ಲುತ್ತದೆ. "ಇದು ಇನ್ನೂ ಹೋಗಿಲ್ಲ" ಎಂದು ಹಳೆಯ ಮೀನು ಮತ್ತೆ ಕಚ್ಚುತ್ತದೆ. ಸಮುದ್ರದಲ್ಲಿ ಸಿಗುವ ದೂರವನ್ನು ನಾವು ಮನೆಯಲ್ಲಿ ಕೊಡಲಾರೆವು. ಅದರ ಬದಲು ದಿನಗಳನ್ನು ಕೊಡಬಹುದು. ಆ ದಿನಗಳನ್ನು ಹೇಗೆ ಕೊಡಬೇಕು ಅನ್ನುವುದೇ ಈ ಲೇಖನ.

ಈಗ ನನ್ನ ಹತ್ತಿರ ಇರುವುದು 6 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ಟ್ಯಾಂಕ್. ಸುಮಾರು 680 ಲೀಟರ್. ಅದರಲ್ಲಿ ಅದೇ ಪಿಕಾಸೊ ಟ್ರಿಗರ್, ಒಂದು ನೈಜರ್ ಟ್ರಿಗರ್, ಒಂದು ಮೂನ್ ರಾಸ್, ಮತ್ತೆ ತಂದ ಒಂದು ಪೌಡರ್ ಬ್ಲೂ ಇವೆ. ಉದಾಹರಣೆಗಳನ್ನು ಇವುಗಳಿಂದಲೇ ಕೊಡುತ್ತೇನೆ. 4 ಅಡಿಗಿಂತ ಚಿಕ್ಕ ಟ್ಯಾಂಕ್ ಇರುವವರು ದಯವಿಟ್ಟು ಇಂಥ ಮೀನುಗಳನ್ನು ಜೊತೆ ಮಾಡಲು ಹೋಗಬೇಡಿ. ಯಾವ ಉಪಾಯವೂ ಅಲ್ಲಿ ಕೆಲಸಕ್ಕೆ ಬರುವುದಿಲ್ಲ.

ಕೊಳ್ಳುವ ಮೊದಲು: ಯಾರ ಜೊತೆ ಯಾರು

ಒಂದೇ ಆಕಾರ, ಒಂದೇ ಬಣ್ಣ, ಒಂದೇ ಊಟ ಇರುವ ಮೀನುಗಳು ಜಾಸ್ತಿ ಜಗಳವಾಡುತ್ತವೆ. ತನ್ನಂತೆಯೇ ಕಾಣುವ ಮೀನು ತನ್ನ ಗೂಡಿಗೂ ಊಟಕ್ಕೂ ಪೈಪೋಟಿ ಅನ್ನುವುದು ಅವಕ್ಕೆ ಗೊತ್ತು. ಆದ್ದರಿಂದ ಪೌಡರ್ ಬ್ಲೂ ಇರುವ ಟ್ಯಾಂಕಿಗೆ ಸೋಹಲ್ ಟ್ಯಾಂಗ್ ತರಬೇಡಿ. ಎರಡೂ ಒಂದೇ ಕುಲದವು, ಎರಡಕ್ಕೂ ಬಾಲದ ಬುಡದಲ್ಲಿ ಬ್ಲೇಡಿನಂಥ ಚೂಪು ಮುಳ್ಳು ಇದೆ. ಪಿಕಾಸೊ ಮತ್ತು ನೈಜರ್ ಎರಡೂ ಟ್ರಿಗರ್‌ಗಳೇ. ಆದರೂ ನನ್ನಲ್ಲಿ ಹೊಂದಿಕೊಂಡಿವೆ. ಪಿಕಾಸೊ ತಳದ ಮರಳು, ಕಲ್ಲು ಕೆದಕುವ ಮೀನು. ನೈಜರ್ ನಡುನೀರಿನಲ್ಲಿ ತೇಲಿಬರುವ ಸಣ್ಣ ಜೀವಿಗಳನ್ನು ತಿನ್ನುವ ಮೀನು. ಅವುಗಳ ದಾರಿ ಒಂದನ್ನೊಂದು ಅಷ್ಟಾಗಿ ಅಡ್ಡಹಾಯುವುದಿಲ್ಲ.

ನೈಜರ್ ನಮ್ಮ ಕರಾವಳಿಯವರಿಗೆ ಹೊಸದೂ ಅಲ್ಲ. ಮಲ್ಪೆ, ಮಂಗಳೂರು ಕಡೆ ಇದನ್ನೇ ಕಾರ್ಗಿಲ್ ಮೀನು ಅಂತಾರೆ. ಬೋಟುಗಳಲ್ಲಿ ರಾಶಿರಾಶಿ ಬಂದು ಫಿಶ್‌ಮೀಲ್ ಕಾರ್ಖಾನೆಗೆ ಹೋಗುತ್ತದೆ. ಆ ರಾಶಿಯಲ್ಲಿ ಅದರ ನೀಲಿ ಬಣ್ಣ, ಕೆಂಪು ಹಲ್ಲು ಯಾರ ಕಣ್ಣಿಗೂ ಬೀಳುವುದಿಲ್ಲ. ಟ್ಯಾಂಕಿನಲ್ಲಿ ರೆಕ್ಕೆ ಅಲೆಯಾಡಿಸುತ್ತಾ ಈಜುವಾಗ ನೋಡಬೇಕು. ದೊಡ್ಡದಾದರೆ ಒಂದೂವರೆ ಅಡಿ ದಾಟಬಲ್ಲದು, ಅದನ್ನೂ ಲೆಕ್ಕಕ್ಕೆ ಇಟ್ಟುಕೊಂಡೇ ತನ್ನಿ.

ಕೆಲವು ಜೋಡಿಗಳನ್ನು ಯೋಚಿಸಲೂ ಬೇಡಿ. ಕಿತ್ತಳೆ ಗೆರೆಯ ಅಂಡ್ಯುಲೇಟ್ ಟ್ರಿಗರ್ ಒಂಟಿಯಾಗಿಯೇ ಇರಬೇಕಾದ ಮೀನು. ಕ್ಲೌನ್ ಟ್ರಿಗರ್ ಮರಿಯಿದ್ದಾಗ ಸಾಧು, ಬೆಳೆದ ಮೇಲೆ ವರ್ಷಗಟ್ಟಲೆ ಜೊತೆಗಿದ್ದವರನ್ನೇ ಕೊಲ್ಲಬಹುದು. ಲಯನ್‌ಫಿಶ್ ನಿಧಾನದ ಮೀನು. ಅದರ ಉದ್ದ ರೆಕ್ಕೆಗಳನ್ನು ಟ್ರಿಗರ್ ಚೂರುಚೂರಾಗಿ ಕಿತ್ತು ತಿನ್ನುತ್ತದೆ. ಗ್ರೂಪರ್ ಇದ್ದರೆ ಅದರ ಬಾಯಿ ನೋಡಿ: ಆ ಬಾಯೊಳಗೆ ಹಿಡಿಯುವ ಮೀನು ಅದಕ್ಕೆ ಊಟವೇ.

ಮರೂನ್ ಕ್ಲೌನ್ ಮೀನಿನದು ಬೇರೆಯೇ ಲೆಕ್ಕ. ಕ್ಲೌನ್ ಮೀನುಗಳೆಲ್ಲ ಗಂಡಾಗಿಯೇ ಬೆಳೆಯುತ್ತವೆ, ಆಮೇಲೆ ಜೋಡಿಯಲ್ಲಿ ದೊಡ್ಡದು ಹೆಣ್ಣಾಗುತ್ತದೆ. ಒಮ್ಮೆ ಹೆಣ್ಣಾದದ್ದು ಮತ್ತೆ ಗಂಡಾಗುವುದಿಲ್ಲ. ಹಾಗಾಗಿ ಎರಡು ದೊಡ್ಡ ಮರೂನ್‌ಗಳನ್ನು ಸೇರಿಸಿದರೆ ಎರಡು ಹೆಣ್ಣುಗಳನ್ನು ಸೇರಿಸಿದ ಹಾಗೆ. ಒಂದು ಸಾಯುವವರೆಗೂ ಜಗಳ ನಿಲ್ಲದು. ದೊಡ್ಡದೊಂದು ಇದ್ದರೆ ಅದರ ಮೂರನೇ ಒಂದು ಭಾಗದಷ್ಟು ಸಣ್ಣ ಮರಿಯನ್ನೇ ತನ್ನಿ.

ಯಾರು ಮೊದಲು, ಯಾರು ಕೊನೆಗೆ

ಹೊಸ ಟ್ಯಾಂಕ್ ಆದರೆ ಕೆಲಸ ಸುಲಭ. ಸಾಧು ಮೀನು ಮೊದಲು, ಜಗಳಗಂಟ ಕೊನೆಗೆ. ನನ್ನ ಮೀನುಗಳ ಪೈಕಿ ನೈಜರ್, ರಾಸ್, ಟ್ಯಾಂಗ್, ಕೊನೆಗೆ ಪಿಕಾಸೊ ಆಗಬೇಕಿತ್ತು. ಆದರೆ ನಮ್ಮಲ್ಲಿ ಹೆಚ್ಚಿನವರು ಚಂದ ಕಂಡದ್ದನ್ನು ಮೊದಲು ತರುತ್ತೇವೆ. ಹಾಗೆ ಪಿಕಾಸೊ ಮೊದಲು ಬಂದು, ಇಡೀ 6 ಅಡಿ ತನ್ನದೇ ಎಂದುಕೊಂಡಿತ್ತು.

ಅಂಥ ಟ್ಯಾಂಕಿಗೆ ತರುವ ಬೇರೆ ಜಾತಿಯ ಮೀನು ಹಳೆಯದಕ್ಕಿಂತ ಸ್ವಲ್ಪ ದೊಡ್ಡದಿರಲಿ. ಹೆಚ್ಚುಕಡಿಮೆ ಒಂದೇ ಅಳತೆಯಾದರೆ ಯಾರು ಮೇಲು ಅನ್ನುವುದು ತೀರ್ಮಾನವಾಗಲು ದಿನಗಟ್ಟಲೆ ಬಡಿದಾಟ ಆಗುತ್ತದೆ. ತೀರಾ ಚಿಕ್ಕದಾದರೆ ಒಂದೇ ಕಚ್ಚಿಗೆ ಕಥೆ ಮುಗಿಯುತ್ತದೆ.

ಕ್ವಾರಂಟೈನ್ ಬಿಡಬೇಡಿ

ಹೊಸ ಮೀನು ಕನಿಷ್ಠ 4 ವಾರ ಬೇರೆ ಟ್ಯಾಂಕಿನಲ್ಲಿ ಇರಲೇಬೇಕು. ರೋಗದ ಭಯ ಒಂದು ಕಾರಣ. ಪೌಡರ್ ಬ್ಲೂಗೆ ವೈಟ್ ಸ್ಪಾಟ್, ಅಂದರೆ ಮೈಮೇಲೆ ಬಿಳಿ ಚುಕ್ಕೆ ಏಳುವ ರೋಗ, ಬಹಳ ಬೇಗ ಅಂಟುತ್ತದೆ, ಪೆಟ್ಟು ತಿಂದು ಹೆದರಿದ ಮೀನಿಗೆ ಇನ್ನೂ ಬೇಗ. ತಾಮ್ರದ ಔಷಧಿ ಹಾಕುವುದಾದರೆ ಇಲ್ಲೇ ಹಾಕಬೇಕು, ಟೆಸ್ಟ್ ಕಿಟ್ ಇಟ್ಟುಕೊಂಡು ಅಳೆಯುತ್ತಾ ಹಾಕಬೇಕು. ದೊಡ್ಡ ಟ್ಯಾಂಕಿಗೆ ಅದನ್ನು ಹಾಕಿದರೆ ಕಲ್ಲು, ಮರಳು ಅದನ್ನು ಹೀರಿಕೊಳ್ಳುತ್ತವೆ, ಸಿಗಡಿ, ಹವಳದಂಥ ಜೀವಿಗಳಿದ್ದರೆ ಸಾಯುತ್ತವೆ.

ಇನ್ನೊಂದು ಕಾರಣವನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಅಂಗಡಿಯಿಂದ ಬರುವ ಮೀನು ಸೊರಗಿರುತ್ತದೆ. ಸೊರಗಿದ ಮೀನನ್ನು ಟ್ರಿಗರ್ ಮುಂದೆ ಬಿಟ್ಟರೆ ಅದು ಓಡಲೂ ಆರದು, ತಿರುಗಿ ನಿಲ್ಲಲೂ ಆರದು. ಈ 4 ವಾರ ಅದಕ್ಕೆ ದಿನಕ್ಕೆ 3 ಸಲ ಊಟ ಕೊಡಿ. ಟ್ಯಾಂಗಿಗೆ ಕಡಲ ಪಾಚಿಯ ಹಾಳೆ, ಉಳಿದವಕ್ಕೆ ಸಿಗಡಿ, ಬೊಂಡಾಸ್ (ಸ್ಕ್ವಿಡ್), ಮರುವಾಯಿ (ಚಿಪ್ಪುಮೀನು). ಹಣೆಯ ಮೇಲೆ, ಹೊಟ್ಟೆಯ ಪಕ್ಕ ಗುಳಿ ಇಲ್ಲದೆ ತುಂಬಿಕೊಂಡ ಮೇಲೆಯೇ ಮುಂದಿನ ಮಾತು. ನನ್ನ ಎರಡನೇ ಪೌಡರ್ ಬ್ಲೂ ಇದಕ್ಕೆ 6 ವಾರ ತೆಗೆದುಕೊಂಡಿತು. ಕಾದದ್ದಕ್ಕೆ ಒಂದು ದಿನವೂ ಬೇಸರವಾಗಿಲ್ಲ.

ಪಾರದರ್ಶಕ ಡಬ್ಬ

ಇಡೀ ಕೆಲಸದ ಜೀವ ಈ ಡಬ್ಬ. ಹೊಸ ಮೀನು ಟ್ಯಾಂಕಿನ ಒಳಗೇ ಇರಬೇಕು, ಹಳೆಯ ಮೀನುಗಳಿಗೆ ಕಾಣಬೇಕು, ಆದರೆ ಕಚ್ಚಲು ಸಿಗಬಾರದು. ಆಕ್ಲಿಮೇಷನ್ ಬಾಕ್ಸ್ ಎಂದು ಸಿದ್ಧವಾಗಿ ಸಿಗುತ್ತದೆ. ಬಹಳಷ್ಟು ಸಣ್ಣವು. 4 ಇಂಚಿನ ಮೀನಿಗೆ ಕನಿಷ್ಠ 15 ಇಂಚು ಉದ್ದ, 8 ಇಂಚು ಅಗಲ, 8 ಇಂಚು ಎತ್ತರ ಇರಲಿ. ಅಕ್ರಿಲಿಕ್ ಬೋರ್ಡ್ ಕೆಲಸ ಮಾಡುವ ಅಂಗಡಿಗೆ ಅಳತೆ ಕೊಟ್ಟರೆ ಮಾಡಿಕೊಡುತ್ತಾರೆ. ನಾನು ಹಾಗೇ ಮಾಡಿಸಿದೆ.

ನಾಲ್ಕೂ ಬದಿಗೆ, ತಳಕ್ಕೆ 8 ಮಿಲಿಮೀಟರ್ ತೂತುಗಳನ್ನು ಧಾರಾಳವಾಗಿ ಕೊರೆಸಿ. ತೂತಿನ ಅಂಚನ್ನು ಮರಳು ಕಾಗದದಿಂದ ಉಜ್ಜಿ ನುಣುಪು ಮಾಡಿ, ಇಲ್ಲವಾದರೆ ಮೀನಿನ ಮೈ ಗೀರುತ್ತದೆ. ತೂತು ಕಡಿಮೆಯಾದರೆ ಡಬ್ಬದೊಳಗಿನ ನೀರು ನಿಂತುಬಿಡುತ್ತದೆ. ನಮ್ಮಲ್ಲಿ ಕರೆಂಟು ಹೋಗುವುದು ಹೊಸದಲ್ಲ, ಪಂಪ್ ನಿಂತಾಗ ಮೊದಲು ಉಸಿರು ಕಟ್ಟುವುದು ಈ ಡಬ್ಬದ ಮೀನಿಗೇ. ಬ್ಯಾಟರಿಯಿಂದ ಓಡುವ ಒಂದು ಏರ್ ಪಂಪ್ ಪಕ್ಕದಲ್ಲಿಟ್ಟಿರಿ.

ಮೇಲೆ ಭದ್ರವಾದ ಮುಚ್ಚಳ ಬೇಕು. ಹೆದರಿದ ಟ್ಯಾಂಗ್ ಹಾರುತ್ತದೆ. ಒಳಗೆ ಒಂದು ಪಿವಿಸಿ ಪೈಪಿನ ತುಂಡು ಹಾಕಿ, ಬಚ್ಚಿಟ್ಟುಕೊಳ್ಳಲು. ಡಬ್ಬವನ್ನು ರಬ್ಬರಿನ ಸಕ್ಷನ್ ಕಪ್ಪಿನಿಂದ ಗಾಜಿಗೆ ಅಂಟಿಸಿ ಸುಮ್ನೆ ಬಿಡಬೇಡಿ, ರಾತ್ರಿ ಕಳಚಿ ಬೀಳುತ್ತದೆ. ಕೇಬಲ್ ಟೈ ಹಾಕಿ ಟ್ಯಾಂಕಿನ ಮೇಲಿನ ಪಟ್ಟಿಗೆ ಕಟ್ಟಿ.

ಮೀನು ಒಂದು ಅಡಿಯಷ್ಟು ದೊಡ್ಡದಾದರೆ ಡಬ್ಬ ಸಾಲದು. ಲೈಟಿನ ಕೆಳಗೆ ಹಾಕುವ ಚೌಕುಳಿ ಪ್ಲಾಸ್ಟಿಕ್ ಜಾಲರಿ ಸಿಗುತ್ತದಲ್ಲ, ಅದನ್ನು ಅಳತೆಗೆ ಕತ್ತರಿಸಿ ಟ್ಯಾಂಕನ್ನೇ ಎರಡು ಭಾಗ ಮಾಡಿ. ಮೇಲೆ, ಕೆಳಗೆ, ಪಕ್ಕಕ್ಕೆ ಒಂದು ಬೆರಳೂ ತೂರದಂತೆ ಇರಬೇಕು.

ಕಲ್ಲು ಜರುಗಿಸುವುದು

ಡಬ್ಬ ಇಳಿಸುವ ದಿನವೇ ಕಲ್ಲುಗಳ ಜಾಗ ಬದಲಿಸಿ. ಪಿಕಾಸೊ ಮಲಗುವ ಗೂಡು, ಸುತ್ತುವ ದಾರಿ, ಕಾವಲು ಕಾಯುವ ಮೂಲೆ ಎಲ್ಲವೂ ಬೇರೆಯಾಗಬೇಕು. ಮನೆಯೇ ಗುರುತು ಸಿಗದಂತಾದಾಗ ಯಜಮಾನಿಕೆಯ ಬಿಸಿ ಸ್ವಲ್ಪ ಆರುತ್ತದೆ. ನಾನು ನಡುವೆ ಇದ್ದ ಒಂದೇ ದೊಡ್ಡ ಗುಡ್ಡೆಯನ್ನು ಒಡೆದು ಎಡಕ್ಕೊಂದು, ಬಲಕ್ಕೊಂದು ಮಾಡಿದೆ. ಈ ಕಡೆ ನಿಂತರೆ ಆ ಕಡೆ ಕಾಣಬಾರದು ಅನ್ನುವುದು ಮುಖ್ಯ. ಕಣ್ಣಿಗೆ ಬೀಳದ ಮೀನನ್ನು ಯಾರೂ ಅಟ್ಟುವುದಿಲ್ಲ.

ಪ್ರತಿ ಗೂಡಿಗೂ ಎರಡು ಬಾಯಿ ಇರಲಿ. ಒಂದೇ ಬಾಯಿಯ ಗೂಡಿಗೆ ಓಡಿದ ಮೀನು ಒಳಗೇ ಸಿಕ್ಕಿಬೀಳುತ್ತದೆ. ಮೀನಿಗಿಂತ ಗೂಡುಗಳ ಸಂಖ್ಯೆ ಜಾಸ್ತಿ ಇರಲಿ. ಹಳೆಯ ದಪ್ಪ ಮರಳನ್ನು ಮಾತ್ರ ಕದಡಬೇಡಿ, ಕೆಳಗೆ ಸೇರಿರುವ ಕೆಟ್ಟ ಗಾಳಿ, ಕೊಳೆ ಎದ್ದು ನೀರು ಹಾಳಾಗುತ್ತದೆ. ಕಲ್ಲು ಸಾಲದಿದ್ದರೆ ಒಣ ಕಲ್ಲನ್ನೋ ಸೆರಾಮಿಕ್ ಕಲ್ಲನ್ನೋ ಕೊಳ್ಳಿ. ನಮ್ಮ ಸಮುದ್ರದಿಂದ ಕಿತ್ತು ತಂದ ಹವಳದ ಕಲ್ಲನ್ನು ಯಾರಾದರೂ ಕೊಡುತ್ತೇನೆಂದರೆ ಬೇಡ ಅನ್ನಿ. ದಿಬ್ಬ ಕಟ್ಟುವ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತ. ಅದಕ್ಕಿಂತ ಮುಖ್ಯವಾಗಿ, ಅದು ಬೇರೆ ಮೀನುಗಳ ಮನೆ.

ಕೈ ಹಾಕುವಾಗ ಎಚ್ಚರ. ಟ್ರಿಗರ್ ಸೀ ಅರ್ಚಿನ್‌ನ ಗಟ್ಟಿ ಚಿಪ್ಪನ್ನೇ ಒಡೆಯುವ ಮೀನು. ಬೆರಳಿಗೆ ಹಲ್ಲು ಹಾಕಿದರೆ ಗಾಯ ಆಳವಾಗಿಯೇ ಆಗುತ್ತದೆ. ಲಯನ್‌ಫಿಶ್ ಇರುವ ಟ್ಯಾಂಕಾದರೆ ಅದು ಎಲ್ಲಿದೆ ಎಂದು ನೋಡದೆ ಕೈ ಇಡಲೇಬೇಡಿ. ಅದರ ಮುಳ್ಳಲ್ಲಿ ವಿಷವಿದೆ. ಚುಚ್ಚಿದರೆ, ತಡೆದುಕೊಳ್ಳುವಷ್ಟು ಬಿಸಿಯ ನೀರಲ್ಲಿ ಕೈ ಅದ್ದಿ, ಚರ್ಮ ಸುಡುವಷ್ಟು ಬೇಡ, ಕೂಡಲೇ ಆಸ್ಪತ್ರೆಗೆ ಹೋಗಿ.

ಡಬ್ಬಕ್ಕೆ ಇಳಿಸುವ ದಿನ

ಕ್ವಾರಂಟೈನ್ ಟ್ಯಾಂಕಿನ ನೀರೂ ದೊಡ್ಡ ಟ್ಯಾಂಕಿನ ನೀರೂ ಒಂದೇ ಆಗಿರಲಿ. ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರಿನಲ್ಲಿ ಎರಡೂ 1.025 ತೋರಿಸಬೇಕು, ಬಿಸಿ 25–26 ಡಿಗ್ರಿ ಸೆಲ್ಸಿಯಸ್ ಇರಬೇಕು. ಹೆಚ್ಚು ಉಪ್ಪಿನಿಂದ ಕಡಿಮೆಗೆ ಹೋಗುವುದು ಮೀನಿಗೆ ಅಷ್ಟು ಕಷ್ಟವಲ್ಲ. ಕಡಿಮೆಯಿಂದ ಹೆಚ್ಚಿಗೆ ಹೋಗುವುದು ಕಷ್ಟ. ವ್ಯತ್ಯಾಸವಿದ್ದರೆ ಕ್ವಾರಂಟೈನಿನಲ್ಲೇ ಕೆಲವು ದಿನಗಳಲ್ಲಿ ನಿಧಾನವಾಗಿ ಏರಿಸಿ. ಕಡಲ ಉಪ್ಪು ಬೆರೆಸಲು ಆರ್‌ಒ ನೀರೇ ಬೇಕು, ನಮ್ಮ ಬೋರ್‌ವೆಲ್ ನೀರು ಇದಕ್ಕೆ ಆಗದು.

ಹಳೆಯ ಮೀನುಗಳಿಗೆ ಹೊಟ್ಟೆ ತುಂಬ ತಿನ್ನಿಸಿ. ಲೈಟ್ ಆರಿಸಿ. ಅರ್ಧ ಗಂಟೆ ಬಿಟ್ಟು ಹೊಸ ಮೀನನ್ನು ಡಬ್ಬಕ್ಕೆ ಇಳಿಸಿ. ಬಲೆ ಬಳಸಬೇಡಿ. ಟ್ಯಾಂಗಿನ ಬಾಲದ ಮುಳ್ಳೂ ಟ್ರಿಗರ್‌ನ ಬೆನ್ನಿನ ಮುಳ್ಳೂ ಬಲೆಗೆ ಸಿಕ್ಕಿ ಹರಿದುಕೊಳ್ಳುತ್ತವೆ. ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿಯಲ್ಲಿ ನೀರಿನ ಸಮೇತ ಹಿಡಿಯಿರಿ.

ನೋಡುತ್ತಾ ಕೂರುವ ದಿನಗಳು

ಮೊದಲ ಬೆಳಿಗ್ಗೆ ನೋಡಲು ಕಷ್ಟವಾಗುತ್ತದೆ. ನನ್ನ ಪಿಕಾಸೊ ಡಬ್ಬಕ್ಕೆ ಮೂತಿ ಗುದ್ದಿತು, ಬೆನ್ನ ಮುಳ್ಳು ಎತ್ತಿ ನಿಂತಿತು, ಗೊರ್ ಗೊರ್ ಎಂದು ಸದ್ದು ಮಾಡಿತು. ಟ್ರಿಗರ್‌ಗಳು ನಿಜಕ್ಕೂ ಸದ್ದು ಮಾಡುತ್ತವೆ, ಗಾಜಿಗೆ ಕಿವಿಯಿಟ್ಟರೆ ಕೇಳುತ್ತದೆ. ಒಳಗಿನ ಟ್ಯಾಂಗ್ ಬಣ್ಣ ಮಾಸಿ ಪೈಪಿನೊಳಗೆ ಅವಿತಿತ್ತು. ಇದೆಲ್ಲ ಆಗುವಂಥದ್ದೇ.

ಆ ದಿನಗಳಲ್ಲಿ ನಾನು ಮಾಡಿದ್ದು ಮುಖ್ಯವಾಗಿ ಒಂದೇ: ಊಟವನ್ನು ಡಬ್ಬದ ಹತ್ತಿರವೇ ಹಾಕಿದೆ. ಮೊದಲು ಒಳಗಿನ ಮೀನಿಗೆ, ಕೂಡಲೇ ಹೊರಗಿನವಕ್ಕೆ, ಡಬ್ಬದಿಂದ ಒಂದು ಗೇಣು ದೂರದಲ್ಲಿ. ಎರಡನೇ ದಿನ ಪಿಕಾಸೊ ಬಂದು ಒಂದು ಚೂರು ಕಚ್ಚಿಕೊಂಡು ಮತ್ತೆ ಡಬ್ಬ ಗುದ್ದಿತು. ನಾಲ್ಕನೇ ದಿನ ತಿಂದು ಮುಗಿಸಿ ಆಮೇಲೆ ಒಂದು ಸಲ ಗುದ್ದಿತು. ಆರನೇ ದಿನ ತಿಂದು, ತನ್ನ ಪಾಡಿಗೆ ಮರಳು ಕೆದಕಲು ಹೋಯಿತು. ಟ್ಯಾಂಗಿನ ನೀಲಿ ಆ ಹೊತ್ತಿಗೆ ಮರಳಿ ಬಂದಿತ್ತು, ಪಾಚಿಯ ಹಾಳೆಯನ್ನು ನನ್ನ ಕೈಯಿಂದಲೇ ಎಳೆದು ತಿನ್ನುತ್ತಿತ್ತು.

ಕ್ಯಾಲೆಂಡರ್ ನೋಡಿ ಬಾಗಿಲು ತೆರೆಯಬೇಡಿ, ಮೀನನ್ನು ನೋಡಿ ತೆರೆಯಿರಿ. ಹಳೆಯ ಮೀನು ಎರಡು ದಿನ ಪೂರ್ತಿ ಡಬ್ಬವನ್ನು ಕಡೆಗಣಿಸಬೇಕು. ಹೊಸ ಮೀನು ಹಳೆಯದು ಪಕ್ಕದಲ್ಲಿದ್ದಾಗಲೂ ತಿನ್ನಬೇಕು. ಎರಡೂ ಆದರೆ ಮಾತ್ರ ಸಿದ್ಧ. ಕೆಲವಕ್ಕೆ 4 ದಿನ ಸಾಕು, ಕೆಲವಕ್ಕೆ 10 ದಿನ ಬೇಕು. 2 ವಾರ ಕಳೆದರೂ ಗುದ್ದಾಟ ಕಡಿಮೆಯಾಗದಿದ್ದರೆ ಆ ಜೋಡಿ ಆಗುವುದಿಲ್ಲ ಎಂದುಕೊಳ್ಳಿ.

ಈ ನಡುವೆ ಎರಡು ದಿನಕ್ಕೊಮ್ಮೆ ಅಮೋನಿಯಾ ಟೆಸ್ಟ್ ಮಾಡಿ. ಊಟ ಜಾಸ್ತಿ ಹಾಕುತ್ತಿರುತ್ತೀರಿ, ಕಲ್ಲನ್ನೂ ಕದಲಿಸಿದ್ದೀರಿ. ಸೊನ್ನೆಗಿಂತ ಮೇಲೆ ಬಂದರೆ ನೀರು ಬದಲಿಸಿ.

ಬಿಡುವ ದಿನ

ಇಡೀ ದಿನ ಮನೆಯಲ್ಲೇ ಇರುವ ಭಾನುವಾರ ನೋಡಿಕೊಳ್ಳಿ. ಹಿಂದಿನ ರಾತ್ರಿ ಕಲ್ಲನ್ನು ಇನ್ನೊಂದು ಸಲ ಸ್ವಲ್ಪ ಜರುಗಿಸಿ. ಬೆಳಿಗ್ಗೆ ಎಲ್ಲರಿಗೂ ಊಟ ಹಾಕಿ. ಹಳೆಯ ಮೀನುಗಳು ಟ್ಯಾಂಕಿನ ಆ ತುದಿಯಲ್ಲಿ ತಿನ್ನುತ್ತಿರುವಾಗ ಈ ತುದಿಯಲ್ಲಿ ಡಬ್ಬದ ಬಾಗಿಲು ತೆರೆದು ಬಿಡಿ. ಮೀನನ್ನು ಹೊರದಬ್ಬಬೇಡಿ. ನನ್ನ ಟ್ಯಾಂಗ್ 20 ನಿಮಿಷ ಬಾಗಿಲಲ್ಲೇ ನಿಂತು ಆಮೇಲೆ ಹೊರಬಂತು.

ಟ್ಯಾಂಗುಗಳ ನಡುವಿನ ಜಗಳವಾದರೆ ಒಂದು ಕನ್ನಡಿ ಬಹಳ ಉಪಯೋಗಕ್ಕೆ ಬರುತ್ತದೆ. ಟ್ಯಾಂಕಿನ ಹೊರಗಿನಿಂದ ಗಾಜಿಗೆ ಅಂಟಿಸಿ. ಹಳೆಯ ಟ್ಯಾಂಗ್ ತನ್ನ ಬಿಂಬದ ಜೊತೆ ಜಗಳಕ್ಕೆ ನಿಲ್ಲುತ್ತದೆ. ಹೊಸದಕ್ಕೆ ಆ ಹೊತ್ತು ಊರು ಸುತ್ತಿ ಗೂಡು ಹುಡುಕಿಕೊಳ್ಳಲು ಬಿಡುವು ಸಿಗುತ್ತದೆ. ದಿನಕ್ಕೆ ಕೆಲವು ಗಂಟೆ ಸಾಕು, ಒಂದೆರಡು ದಿನದಲ್ಲಿ ತೆಗೆದುಬಿಡಿ.

ಅಟ್ಟಾಟ ಖಂಡಿತ ಆಗುತ್ತದೆ. ಎರಡು ಮೂರು ಸೆಕೆಂಡ್ ಅಟ್ಟಿ ಹಿಂದಿರುಗುವುದು, ರೆಕ್ಕೆ ಅಗಲಿಸಿ ಎದುರುಬದುರು ನಿಲ್ಲುವುದು, ಬಾಲ ಬೀಸುವುದು, ಇವನ್ನು ಸಹಿಸಿಕೊಳ್ಳಿ. ರೆಕ್ಕೆಯ ಅಂಚಿನಲ್ಲಿ ಒಂದು ಸೀಳು ಆದರೆ ವಾರ ಎರಡು ವಾರದಲ್ಲಿ ಕೂಡಿಕೊಳ್ಳುತ್ತದೆ. ಆದರೆ ಹಳೆಯ ಮೀನು ಬಿಡದೆ ಬೆನ್ನುಹತ್ತಿದರೆ, ಹೊಸದು ಮೇಲ್ಮೂಲೆಯಲ್ಲಿ ನಿಂತು ಜೋರಾಗಿ ಕಿವಿರು ಬಡಿದರೆ, ಕಣ್ಣಿಗೆ ಅಥವಾ ಮೈಗೆ ಗಾಯವಾದರೆ ಆ ಕ್ಷಣವೇ ಬೇರೆ ಮಾಡಿ. ಗಾಯ ಕಾಣದಿದ್ದರೂ ಎರಡು ದಿನ ಊಟ ಮುಟ್ಟದಿದ್ದರೆ ಆಗಲೂ ಅಷ್ಟೇ. "ನಾಳೆ ನೋಡೋಣ" ಎಂದು ಮಲಗಿದ ರಾತ್ರಿಯಲ್ಲೇ ನನ್ನ ಮೊದಲ ಮೀನು ಹೋದದ್ದು.

ಹೊರಗೆ ಹೋಗಬೇಕಾದ್ದು ಯಾರು?

ಪೆಟ್ಟು ತಿಂದ ಮೀನನ್ನು ತೆಗೆಯಲು ಕೈ ಹೋಗುತ್ತದೆ. ಗಾಯ ತುಂಬಾ ಇದ್ದರೆ ಅದನ್ನೇ ತೆಗೆದು ಆರೈಕೆ ಮಾಡಿ. ಇಲ್ಲವಾದರೆ ಕಚ್ಚಿದ ಮೀನನ್ನು ತೆಗೆಯಿರಿ. ಅದೇ ಡಬ್ಬದೊಳಗೆ ಈಗ ಅದು ಇರಲಿ, ಅಥವಾ ಕ್ವಾರಂಟೈನ್ ಟ್ಯಾಂಕಿನಲ್ಲಿ ಒಂದು ವಾರ ಇರಲಿ. ಹೊಸದು ಅಷ್ಟರಲ್ಲಿ ಗೂಡು ಹಿಡಿಯುತ್ತದೆ, ನಿರ್ಭಯವಾಗಿ ತಿನ್ನುತ್ತದೆ. ಹಳೆಯದು ಮರಳಿ ಬಂದಾಗ ಈಗ ಅದೇ ಹೊಸಬ. ನಾನು ಮೂನ್ ರಾಸ್ ತಂದಾಗ ಪಿಕಾಸೊವನ್ನು ಹೀಗೆ 9 ದಿನ ಬೇರೆ ಇಟ್ಟಿದ್ದೆ. ಮರಳಿ ಬಿಟ್ಟ ಮೇಲೆ ಅದು ರಾಸನ್ನು ಒಂದೇ ದಿನ ಅಟ್ಟಿ ಸುಮ್ಮನಾಯಿತು.

ಟ್ರಿಗರ್ ಹಿಡಿಯುವುದೇ ಒಂದು ಕೆಲಸ. ಹೆದರಿದರೆ ಕಲ್ಲಿನ ಗೂಡಿಗೆ ನುಗ್ಗಿ ಬೆನ್ನಿನ ಮೊದಲ ಮುಳ್ಳನ್ನು ಎತ್ತಿ ನಿಲ್ಲಿಸುತ್ತದೆ. ಎರಡನೇ ಮುಳ್ಳು ಅದಕ್ಕೆ ಚಿಲಕದಂತೆ ಆನಿಕೊಳ್ಳುತ್ತದೆ. ಆ ಎರಡನೆಯದು ಕೆಳಗಿಳಿಯದೆ ಮೊದಲನೆಯದು ಮಡಚದು. ಟ್ರಿಗರ್ ಎಂಬ ಹೆಸರು ಬಂದದ್ದೇ ಇದರಿಂದ. ಎಳೆದರೆ ಮೀನು ಹರಿಯುತ್ತದೆ, ಗೂಡು ಬಿಡುವುದಿಲ್ಲ. ಆದ್ದರಿಂದ ರಾತ್ರಿ ಅದು ಮಲಗಿದ ಮೇಲೆ ಆ ಕಲ್ಲನ್ನೇ ಮೀನಿನ ಸಮೇತ ಒಂದು ಬಕೆಟ್ಟಿಗೆ ಎತ್ತಿ. ಅದೇ ಟ್ಯಾಂಕಿನ ನೀರು ಬಕೆಟ್ಟಿನಲ್ಲಿರಲಿ. ಸ್ವಲ್ಪ ಹೊತ್ತಿಗೆ ತಾನೇ ಹೊರಬರುತ್ತದೆ.

ಎರಡು ಸಲ ಹೀಗೆ ಮಾಡಿದರೂ ಆಗದಿದ್ದರೆ ಒಂದು ಮೀನನ್ನು ಬೇರೆ ಮನೆಗೆ ಕೊಡಿ. ದೊಡ್ಡ ಟ್ಯಾಂಕ್ ಇರುವ ಹವ್ಯಾಸಿಗಳು ಸಿಗುತ್ತಾರೆ, ಕೆಲವು ಅಂಗಡಿಯವರೂ ವಾಪಸ್ ತೆಗೆದುಕೊಳ್ಳುತ್ತಾರೆ. ಸಮುದ್ರಕ್ಕೆ ಮಾತ್ರ ಬಿಡಬೇಡಿ. ಹಿಂದೂ ಮಹಾಸಾಗರ, ಪೆಸಿಫಿಕ್ ಕಡೆಯ ಲಯನ್‌ಫಿಶ್ 1985ರಲ್ಲಿ ಅಮೆರಿಕದ ಫ್ಲಾರಿಡಾ ಕಡಲಿನಲ್ಲಿ ಮೊದಲು ಕಂಡಿತು. ಅಕ್ವೇರಿಯಂನಿಂದ ಹೊರಬಿದ್ದವೇ ಅದಕ್ಕೆ ಮೂಲ ಎಂದು ತಿಳಿದವರು ಹೇಳುತ್ತಾರೆ. ಇವತ್ತು ಕೆರಿಬಿಯನ್ ತುಂಬ ಅವು ಅಲ್ಲಿನ ಸಣ್ಣ ಮೀನುಗಳನ್ನು ತಿಂದುಹಾಕುತ್ತಿವೆ.

ಮೊದಲ ತಿಂಗಳು

ಒಂದು ತಿಂಗಳು ಊಟವನ್ನು ಎರಡು ಕಡೆ ಹಾಕಿ. ಪಾಚಿಯ ಹಾಳೆಗೆ ಎರಡು ಕ್ಲಿಪ್ ಇಡಿ, ಎರಡು ತುದಿಯಲ್ಲಿ. ಒಂದೇ ಕ್ಲಿಪ್ ಇದ್ದರೆ ಅದನ್ನು ಕಾಯಲು ಒಂದು ಮೀನು ನಿಂತೇ ನಿಲ್ಲುತ್ತದೆ. ಈ ತಿಂಗಳಲ್ಲಿ ಇನ್ನೊಂದು ಹೊಸ ಮೀನು ತರಬೇಡಿ.

ಲೈಟ್ ಆರಿಸಿ ಒಂದು ಗಂಟೆಯ ಮೇಲೆ ಮಂದ ಕೆಂಪು ಟಾರ್ಚ್ ಹಿಡಿದು ನೋಡಿ. ಯಾರು ಎಲ್ಲಿ ಮಲಗಿದ್ದಾರೆ ಎಂದು ಬರೆದಿಡಿ. ಮೊದಲ ವಾರ ನನ್ನ ಪೌಡರ್ ಬ್ಲೂ ಪ್ರತಿ ರಾತ್ರಿ ಬೇರೆ ಬೇರೆ ಸಂದಿಯಲ್ಲಿ ಇರುತ್ತಿತ್ತು, ಒಂದು ರಾತ್ರಿ ಪಂಪಿನ ಹಿಂದೆ. ಹದಿನೇಳನೇ ರಾತ್ರಿಯಿಂದ ಬಲಗಡೆ ಗುಡ್ಡೆಯ ಎರಡನೇ ಗೂಡಿನಲ್ಲೇ ಮಲಗುತ್ತಿದೆ. ಪಿಕಾಸೊ ಎಡಗಡೆ, ಮರಳಿಗೆ ತಾಗಿದ ಗೂಡಿನಲ್ಲಿ. ರಾಸ್ ಮರಳಿನ ಹತ್ತಿರ ಒಂದು ಸಂದಿಯಲ್ಲಿ. ನೈಜರ್ ತನಗೆಂದು ನಾನು ಮಾಡಿದ ಗೂಡನ್ನು ಬಿಟ್ಟು, ಇವತ್ತಿಗೂ ಬಾಲವಷ್ಟೇ ಹೊರಗೆ ಕಾಣುವಂಥ ಒಂದು ಇಕ್ಕಟ್ಟಿನ ಬಿರುಕನ್ನೇ ಹಿಡಿದಿದೆ. ಆ ಬಿರುಕಿನ ಕಲ್ಲನ್ನು ಆಮೇಲೆ ನಾನು ಮುಟ್ಟಿಲ್ಲ.